ನಕಾಶೆಯ ಮೇಲೆ ಗುರುತು ಹಾಕಿದವರು ಯಾರು?

ಪ್ರಶ್ನೆ: ನನಗೆ 37 ವರ್ಷ, ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿ. ಕಾಲೇಜಿನ ದಿನಗಳಲ್ಲಿ ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ಜಿಟಿಎ ಸ್ಯಾನ್ ಆಂಡ್ರಿಯಾಸ್ ಎಂಬ ವಿಡಿಯೋ ಗೇಮ್ ಆಡುತ್ತಿದ್ದೆ. ಆಟ ಒಪ್ಪಿಸುವ ಕೆಲಸಗಳನ್ನು, ಅಂದರೆ ಮಿಷನ್‌ಗಳನ್ನು, ಬಿಟ್ಟು ಊರೆಲ್ಲ ಸುತ್ತುವುದೇ ಆಗ ಖುಷಿ. ಈಗ ಮಗಳು ಮಲಗಿದ ಮೇಲೆ ವಾರಕ್ಕೆ ಮೂರ್ನಾಲ್ಕು ರಾತ್ರಿ ಒಂದೊಂದು ಗಂಟೆ ಸಿಗುತ್ತದೆ. ವಿಚರ್ 3 ಆಟವನ್ನು ಮೂರು ಸಲ ಶುರುಮಾಡಿ ಮೂರು ಸಲವೂ ವೆಲೆನ್ ಪ್ರದೇಶಕ್ಕೆ ಬಂದ ಮೇಲೆ ಬಿಟ್ಟುಬಿಟ್ಟೆ. ದಿ ಲಾಸ್ಟ್ ಆಫ್ ಅಸ್ ಆಟವನ್ನಾದರೆ ಒಂದೇ ತಿಂಗಳಲ್ಲಿ ಮುಗಿಸಿದೆ, ಜಿರಾಫೆ ಬರುವಲ್ಲಿ ಕಣ್ಣು ಒದ್ದೆಯಾಯಿತು. ನನ್ನ ಬಾಮೈದ ಮಾತ್ರ "ಅದು ಆಟವೇ ಅಲ್ಲ ಭಾವ, ಬಟನ್ ಒತ್ತುತ್ತ ಸಿನಿಮಾ ನೋಡಿದ ಹಾಗೆ" ಎನ್ನುತ್ತಾನೆ. ದಸರಾ ರಜೆಯಲ್ಲಿ ಅವನ ಸ್ವಿಚ್ ಎಂಬ ಗೇಮ್ ಯಂತ್ರದಲ್ಲಿ ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್ ಆಟವನ್ನು ಮೊದಲಿನಿಂದ ಎರಡು ಗಂಟೆ ಆಡಿದೆ, ಏಳಲು ಮನಸ್ಸೇ ಆಗಲಿಲ್ಲ. ಅದೂ ಓಪನ್ ವರ್ಲ್ಡ್, ಅಂದರೆ ಇಷ್ಟಬಂದತ್ತ ಅಲೆಯಬಹುದಾದ ದೊಡ್ಡ ಲೋಕದ ಆಟ ತಾನೇ? ಹಾಗಾದರೆ ವಿಚರ್‌ನಲ್ಲಿ ನನಗಾಗುವ ದಣಿವು ಎಂಥದು? ವಯಸ್ಸಾಗಿ ತಾಳ್ಮೆ ಕಡಿಮೆಯಾಯಿತೇ? ನೇರ ಕಥೆಯ ಆಟಗಳು ನಿಜಕ್ಕೂ ಒಂದು ಮೆಟ್ಟಿಲು ಕೆಳಗೋ? ನನ್ನಂಥವನು ಮುಂದೆ ಎಂಥ ಆಟ ಆರಿಸಿಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ತಾಳ್ಮೆ ಕಳೆದುಕೊಂಡೆನೇನೋ ಎಂಬುದು ಒಂದು, ಇಷ್ಟಪಟ್ಟ ಆಟ ಇಷ್ಟಪಡತಕ್ಕದ್ದಲ್ಲವೇನೋ ಎಂಬುದು ಇನ್ನೊಂದು. ಆದರೆ ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಂಡದ್ದು ದಸರಾ ರಜೆಯ ಆ ಎರಡು ಗಂಟೆ. ತಾಳ್ಮೆಯೇ ಹೋಗಿದ್ದರೆ ಜೆಲ್ಡಾವನ್ನೂ ನೀವು ಅರ್ಧ ಗಂಟೆಗೆ ಕೆಳಗಿಡುತ್ತಿದ್ದಿರಿ. ನಾನು ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ಲೆವೆಲ್ ಡಿಸೈನ್ ಕೆಲಸ ಮಾಡುತ್ತಿರುವವನು; ಆಟಗಾರನ ಕಣ್ಣು ಯಾವ ಕ್ಷಣದಲ್ಲಿ ಎಲ್ಲಿ ನಿಲ್ಲಬೇಕು, ಕಾಲು ಎತ್ತ ತಿರುಗಬೇಕು ಎಂದು ಯೋಚಿಸುವುದೇ ನನ್ನ ದಿನದ ಕೆಲಸ. ಆ ಅನುಭವದ ಮೇಲೆ ಹೇಳುವುದಾದರೆ, ವಿಚರ್‌ನಲ್ಲಿ ನಿಮಗಾದ ದಣಿವು ಅಲೆದಾಟದ ದಣಿವಲ್ಲ, ಬಾಕಿ ತೀರಿಸುವ ದಣಿವು. ಎರಡಕ್ಕೂ ಇರುವ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ಸ್ಯಾನ್ ಆಂಡ್ರಿಯಾಸ್ ಬಗ್ಗೆ ಒಂದು ಮಾತು, ಏಕೆಂದರೆ ಓಪನ್ ವರ್ಲ್ಡ್ ಎಂದರೆ ಏನು ಬೇಕಾದರೂ ಮಾಡಬಹುದಾದ ಜಾಗ ಎಂಬ ಕಲ್ಪನೆ ನಮ್ಮ ತಲೆಮಾರಿನಲ್ಲಿ ಬೇರೂರಿದ್ದು ಆ ಆಟದಿಂದಲೇ. 2004ರಲ್ಲಿ ಬಂದ ಆ ಆಟ ನೀವು ನೆನಪಿಟ್ಟುಕೊಂಡಷ್ಟು ಮುಕ್ತವಾಗಿರಲಿಲ್ಲ. ಮೊದಲಿಗೆ ತೆರೆದಿದ್ದದ್ದು ಲಾಸ್ ಸ್ಯಾಂಟೋಸ್ ಎಂಬ ನಗರ ಮತ್ತು ಅದರ ಆಸುಪಾಸು ಮಾತ್ರ. ಕಥೆ ಮುಂದುವರಿಯುವ ಮೊದಲೇ ಈಜಿಯೋ ಹಾರಿಯೋ ಬೇರೆ ನಗರಕ್ಕೆ ನುಗ್ಗಿದರೆ ಪರದೆಯ ಮೇಲೆ ಅಪರಾಧದ ಮಟ್ಟ ತೋರಿಸುವ ನಾಲ್ಕು ಸ್ಟಾರ್ ಬಿದ್ದು ಪೊಲೀಸರು ಬೆನ್ನು ಹತ್ತುತ್ತಿದ್ದರು. ಒಂದು ಊರಿನ ಗಲ್ಲಿಗಳು ಕಾಲಿಗೆ ರೂಢಿಯಾಗುವವರೆಗೆ ಇನ್ನೊಂದು ಊರನ್ನು ಕೊಡದಿರುವುದು ತಯಾರಕರ ಲೆಕ್ಕಾಚಾರವಾಗಿತ್ತು. ನಿಮ್ಮ ಸಂತೋಷಕ್ಕೆ ಇನ್ನೊಂದು ಕಾರಣ ಕೆಫೆಯೇ. ಆಡುತ್ತಿದ್ದದ್ದು ಒಂದು ಗಂಟೆ, ಅದೂ ಹೆಚ್ಚಾಗಿ ಯಾರೋ ಸೇವ್ ಮಾಡಿಟ್ಟ ಆಟದಲ್ಲಿ. ತಾಯಿಯ ಸಾವಿನ ಸುದ್ದಿ ಕೇಳಿ ಊರಿಗೆ ಮರಳಿದ ಕಥಾನಾಯಕ ಸಿಜೆಯ ಕಥೆಯನ್ನು ಮುಗಿಸುವ ಹೊಣೆ ನಿಮ್ಮ ಹೆಗಲ ಮೇಲಿರಲಿಲ್ಲ. ಗಂಟೆ ಮುಗಿದು ಎದ್ದು ಬಂದರೆ ಹಿಂದೆ ಏನೂ ಬಾಕಿ ಉಳಿಯುತ್ತಿರಲಿಲ್ಲ.

ಈಗ ಜೆಲ್ಡಾದ ನಿಮ್ಮ ಎರಡು ಗಂಟೆಗಳನ್ನು ನೆನಪು ಮಾಡಿಕೊಳ್ಳಿ. ಗುಹೆಯೊಂದರಲ್ಲಿ ಎಚ್ಚರಗೊಂಡ ಕಥಾನಾಯಕ ಲಿಂಕ್ ಹೊರಗೆ ಓಡಿ ಬಂಡೆಯಂಚಿನಲ್ಲಿ ನಿಲ್ಲುತ್ತಾನೆ, ಕ್ಯಾಮೆರಾ ಹಿಂದೆ ಸರಿದು ಇಡೀ ಸೀಮೆ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ. ಕೆಳಗೆ ಬೆಂಕಿ ಹಾಕಿಕೊಂಡು ಕುಳಿತ ಮುದುಕನೊಬ್ಬ ಕಾಣುತ್ತಾನೆ. ಆ ಎತ್ತರದ ಪ್ರಸ್ಥಭೂಮಿಯಿಂದ ಕೆಳಗಿಳಿಯಲು ಬೇಕಾದ ಗಾಳಿಪಟದಂಥ ಪ್ಯಾರಾಗ್ಲೈಡರ್ ಅವನ ಬಳಿಯಿದೆ. ನಾಲ್ಕು ಗುಡಿಗಳ ಪರೀಕ್ಷೆ ಮುಗಿಸದ ಹೊರತು ಅದು ನಿಮಗೆ ಸಿಗುವುದಿಲ್ಲ. ಅಂದರೆ ಮುಕ್ತ ಅಲೆದಾಟಕ್ಕೆ ಹೆಸರಾದ ಆ ಆಟದ ಮೊದಲ ಭಾಗವೇ ಬೇಲಿ ಹಾಕಿದ ಅಂಗಳ. ಆದರೂ ಕಟ್ಟಿಹಾಕಿದಂತೆ ಅನ್ನಿಸಲಿಲ್ಲ, ಅಲ್ಲವೇ? ಒಂದು ಗುಡಿ ಹಿಮದ ಬೆಟ್ಟದ ಮೇಲಿದೆ, ಅಲ್ಲಿ ಚಳಿಗೆ ಜೀವ ಕರಗುತ್ತ ಹೋಗುತ್ತದೆ. ಖಾರದ ಮೆಣಸಿನಕಾಯಿ ಹಾಕಿ ಅಡುಗೆ ಮಾಡಿ ತಿಂದು ಹೋಗಬಹುದು, ಉರಿಯುವ ಪಂಜು ಹಿಡಿದು ಹೋಗಬಹುದು, ಮುದುಕನಿಂದ ಬೆಚ್ಚನೆಯ ಅಂಗಿ ಸಂಪಾದಿಸಬಹುದು. ಯಾವುದು ಸರಿ ಎಂದು ಆಟ ಹೇಳುವುದಿಲ್ಲ. ನೀವು ಯಾವ ಉಪಾಯ ಮಾಡಿದಿರೋ ನನಗೆ ಗೊತ್ತಿಲ್ಲ, ಆದರೆ ಅದು ನಿಮ್ಮದೇ ಉಪಾಯ ಎಂದು ನಿಮಗೆ ಅನ್ನಿಸಿರಲೇಬೇಕು.

ಇನ್ನೊಂದು ಸಣ್ಣ ವಿವರದಲ್ಲಿ ನಿಮ್ಮ ಪ್ರಶ್ನೆಯ ಉತ್ತರವೇ ಅಡಗಿದೆ. ಆ ಆಟದಲ್ಲಿ ಗೋಪುರ ಹತ್ತಿದಾಗ ತೆರೆದುಕೊಳ್ಳುವ ನಕಾಶೆಯಲ್ಲಿ ಬೆಟ್ಟ, ಹೊಳೆ, ಕಾಡುಗಳ ಗೆರೆಗಳಿರುತ್ತವೆಯೇ ಹೊರತು ಇಲ್ಲಿ ನಿಧಿ, ಅಲ್ಲಿ ಶತ್ರು ಎಂಬ ಚಿಹ್ನೆಗಳು ಸಾಲಾಗಿ ಮೂಡುವುದಿಲ್ಲ. ಗೋಪುರದ ಮೇಲೆ ನಿಂತು ದುರ್ಬೀನಿನಲ್ಲಿ ನೋಡಿ, ಕುತೂಹಲ ಹುಟ್ಟಿಸಿದ ಜಾಗಕ್ಕೆ ಗುರುತು ಹಾಕಬೇಕಾದವರು ನೀವೇ. ವಿಚರ್ 3ರಲ್ಲಾದರೋ ಊರ ಮುಂದಿನ ಫಲಕ ಓದುತ್ತಿದ್ದಂತೆ ಸುತ್ತಲಿನ ನಕಾಶೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳು ಮೂಡುತ್ತವೆ. ಅವು ಬೇರೆ ಯಾರೋ ನಿಮಗಾಗಿ ಹಾಕಿಟ್ಟ ಗುರುತುಗಳು. ನಿಮ್ಮ ಗುರುತಿನ ಬಳಿಗೆ ಹೋಗುವುದು ಅಲೆದಾಟ. ಬೇರೆಯವರ ಗುರುತನ್ನು ಅಳಿಸಲು ಹೋಗುವುದು, ಅದು ಎಷ್ಟೇ ಸುಂದರವಾದ ದಾರಿಯಾದರೂ, ನಿಮ್ಮ ಮೇಜಿನ ಮೇಲಿನ ಬಾಕಿ ಕಡತಗಳಂತೆಯೇ ಒಂದು ಕೆಲಸ. ಸ್ಕೆಲಿಗೆ ದ್ವೀಪಗಳ ಸಮುದ್ರವನ್ನು ನೀವಿನ್ನೂ ನೋಡಿಲ್ಲ. ಅಲ್ಲಿ ತೇಲುವ ಪ್ರಶ್ನಾರ್ಥಕಗಳಲ್ಲಿ ಹೆಚ್ಚಿನವು ಕಳ್ಳಸಾಗಣೆಗಾರರು ಬಚ್ಚಿಟ್ಟ ಪೆಟ್ಟಿಗೆಗಳು, ಒಂದಕ್ಕಿಂತ ಒಂದು ಬೇರೆಯಲ್ಲ. ವಿಚರ್‌ನ ಬರವಣಿಗೆಯನ್ನು ಬಹಳ ಗೌರವಿಸುವ ನಾನೂ ಆ ಸಮುದ್ರವನ್ನು ಸಮರ್ಥಿಸಲಾರೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಹಿಂದೆ ನಾನಿದ್ದ ಒಂದು ಸ್ಟುಡಿಯೋದಲ್ಲಿ, ಕಣಿವೆಯ ಹಳ್ಳಿಯೊಂದನ್ನು ಕಟ್ಟಿ, ಎದುರಿನ ಗುಡ್ಡದ ಮೇಲೆ ದೀಪ ಉರಿಯುವ ಪುಟ್ಟ ಗುಡಿ ಇಟ್ಟಿದ್ದೆವು. ಹಳ್ಳಿಯಿಂದ ಹೊರಬಂದವರೆಲ್ಲ ಆ ದೀಪ ನೋಡಿ ಗುಡ್ಡ ಹತ್ತುತ್ತಾರೆ ಎಂದು ನಂಬಿದ್ದೆವು. ಆಡಿಸಿ ನೋಡುವ ದಿನ, ಮಾತಾಡಬಾರದೆಂಬ ನಿಯಮದಂತೆ, ಆಟಗಾರರ ಬೆನ್ನ ಹಿಂದೆ ನೋಟ್‌ಬುಕ್ ಹಿಡಿದು ಕುಳಿತೆ. ಯಾರೂ ಹತ್ತಲಿಲ್ಲ. ಅವರ ಕಣ್ಣು ಪರದೆಯ ಮೂಲೆಯ ಮಿನಿಮ್ಯಾಪ್ ಮೇಲೆ, ಅದರೊಳಗಿನ ಹಳದಿ ಚುಕ್ಕೆಗಳ ಸಾಲಿನ ಮೇಲೆ ನೆಟ್ಟಿತ್ತು. ನಾವು ತಿಂಗಳುಗಟ್ಟಲೆ ಕೂತು ಮಾಡಿದ ಕಣಿವೆಯನ್ನು ಅವರು ನೋಡಲೇ ಇಲ್ಲ. ಮರುದಿನ ಆ ಚುಕ್ಕೆಸಾಲು ತೆಗೆದು ಬೇರೆಯವರನ್ನು ಕೂರಿಸಿದೆವು. ಅವರು ತಲೆಯೆತ್ತಿದರು, ದೀಪ ನೋಡಿದರು, ಬಹಳ ಜನ ಗುಡ್ಡ ಹತ್ತಿದರು. ಆದರೆ ಮಿಷನ್‌ಗೆ ಬೇಕಾದ ಕಮ್ಮಾರನ ಮನೆ ಮಾತ್ರ ಅವರಿಗೆ ಸಿಗಲೇ ಇಲ್ಲ, ಏಕೆಂದರೆ ಹಳ್ಳಿಗರ ಬಾಯಲ್ಲಿ ನಾವು ಬರೆದದ್ದು "ನಿಮ್ಮ ನಕಾಶೆಯಲ್ಲಿ ಗುರುತು ಹಾಕಿದ್ದೇನೆ" ಎಂಬ ಒಂದೇ ಮಾತು. ದಾರಿ ಹೇಳುವ ಮಾತನ್ನೇ ನಾವು ಬರೆದಿರಲಿಲ್ಲ. ಈ ಎರಡನೆಯ ಪಾಠವನ್ನು ನೆನಪಿಡಿ, ಆಯ್ಕೆಗಳ ಬಗ್ಗೆ ಹೇಳುವಾಗ ಮತ್ತೆ ಬೇಕಾಗುತ್ತದೆ.

ಜೆಲ್ಡಾ ತಂಡ ಈ ಸಮಸ್ಯೆಯನ್ನು ನೆಲದ ಆಕಾರದಲ್ಲೇ ಬಿಡಿಸಿಕೊಂಡಿತ್ತು. ತ್ರಿಕೋನಾಕಾರದ ದಿಬ್ಬಗಳನ್ನು ಹೇಗೆ ಬಳಸಿದೆವೆಂದು ಅವರು 2017ರಲ್ಲಿ ಜಪಾನಿನ ಡೆವಲಪರ್‌ಗಳ ಸಮ್ಮೇಳನವೊಂದರಲ್ಲಿ ವಿವರಿಸಿದ್ದರು. ದಿಬ್ಬ ಎದುರಾದಾಗ ಹತ್ತಿ ಹೋಗುವುದೋ ಸುತ್ತಿ ಹೋಗುವುದೋ ಎಂಬ ಆಯ್ಕೆ ತಾನಾಗಿ ಹುಟ್ಟುತ್ತದೆ. ಅದರ ಹಿಂದಿದ್ದದ್ದು ನಡೆದಂತೆ ಇಷ್ಟಿಷ್ಟೇ ಕಾಣುತ್ತ ಹೋಗುತ್ತದೆ. ಶ್ರವಣಬೆಳಗೊಳದ ರಸ್ತೆಯಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೊಮ್ಮಟನ ತಲೆ ದೂರದಿಂದಲೇ ಕಂಡು, ಮರದ ಮರೆಗೆ ಸರಿದು, ತಿರುವಿನಲ್ಲಿ ಇನ್ನಷ್ಟು ದೊಡ್ಡದಾಗಿ ಮತ್ತೆ ಕಾಣುವಾಗ ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯ ಕಡೆಗೆ ಬಾಗುತ್ತಾರೆ. 1986ರ ಮೊದಲ ಜೆಲ್ಡಾದ ಹಿಂದೆಯೂ ಇಂಥದೇ ಅನುಭವವಿತ್ತು: ಕ್ಯೋಟೋ ಬಳಿಯ ಸೊನೋಬೆ ಎಂಬ ಊರಿನಲ್ಲಿ ಬೆಳೆದ ಶಿಗೆರು ಮಿಯಮೋಟೋ, ಹುಡುಗನಾಗಿದ್ದಾಗ ಗುಡ್ಡ ಗುಹೆಗಳಲ್ಲಿ ಅಲೆದ ಬೆರಗನ್ನೇ ಆಟಕ್ಕೆ ತಂದೆನೆಂದು ಹೇಳಿಕೊಂಡಿದ್ದಾರೆ.

ಹಾಗಿದ್ದರೆ ಎಲ್ಲರೂ ಹಾಗೇ ಮಾಡಬಾರದೇಕೆ ಎಂದು ನೀವು ಕೇಳಬಹುದು. ದೊಡ್ಡ ಲೋಕ ಕಟ್ಟುವುದು ನೂರಾರು ಜನರ, ಹಲವು ವರ್ಷಗಳ ಕೆಲಸ. ಅದರ ಕಲ್ಲು, ಗಿಡ, ಗಾಡಿ, ಬಾಗಿಲುಗಳನ್ನು ಬೇರೆ ಬೇರೆ ಊರಿನ ತಂಡಗಳು ಮಾಡಿಕೊಡುತ್ತವೆ. ನಮ್ಮ ಬೆಂಗಳೂರು ಅಂಥ ಊರುಗಳಲ್ಲೊಂದು. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ವಿದೇಶಿ ಆಟಗಳಿಗೆ ಹೀಗೆ ಕೆಲಸ ಮಾಡುತ್ತಲೇ ಬೆಳೆಯಿತು, ಮುಂದೆ 2019ರಲ್ಲಿ ನಿಮ್ಮ ಸ್ಯಾನ್ ಆಂಡ್ರಿಯಾಸ್ ಮಾಡಿದ ರಾಕ್‌ಸ್ಟಾರ್ ಸಂಸ್ಥೆಯನ್ನೇ ಸೇರಿತು. ಇಷ್ಟು ಖರ್ಚು ಮಾಡಿ ಕಟ್ಟಿದ ಲೋಕದ ಒಂದು ಮೂಲೆಯನ್ನು ಆಟಗಾರ ನೋಡದೇ ಹೋಗಬಹುದು ಎಂಬ ಭಯ ದುಡ್ಡು ಹಾಕಿದವರಿಗೆ ಸದಾ ಇರುತ್ತದೆ, ಆ ಭಯವೇ ಚಿಹ್ನೆಗಳಾಗಿ ನಕಾಶೆಯ ತುಂಬ ಹರಡಿಕೊಳ್ಳುತ್ತದೆ. ಜೊತೆಗೆ, ಕೊಟ್ಟ ದುಡ್ಡಿಗೆ ಎಷ್ಟು ಗಂಟೆ ಆಟ ಎಂದು ಅಳೆದು ಕೊಳ್ಳುವ ಅಭ್ಯಾಸ ನಮಗೂ ಇದೆ.

ವಿಚರ್‌ನಲ್ಲಿ ಇನ್ನೊಂದು ಬಿಕ್ಕಟ್ಟೂ ಇದೆ. ಕಥಾನಾಯಕ ಗೆರಾಲ್ಟ್ ಹುಡುಕುತ್ತಿರುವುದು ಮಗಳಂತೆ ಸಾಕಿದ ಸಿರಿಯನ್ನು, ಅವಳ ಬೆನ್ನ ಹಿಂದೆ ಪ್ರೇತಸೇನೆಯೇ ಇದೆ. ಕಥೆ ಬೇಗ ಬೇಗ ಎನ್ನುತ್ತದೆ; ಲೋಕವೋ, ಬಾ, ಇಸ್ಪೀಟಿನಂಥ ಗ್ವೆಂಟ್ ಆಡು, ಕುದುರೆ ಓಡಿಸು ಎನ್ನುತ್ತದೆ. ರಾತ್ರಿಯೆಲ್ಲ ಪುರುಸೊತ್ತು ಇರುವವರು ಎರಡನ್ನೂ ಹೇಗೋ ಹೊಂದಿಸಿಕೊಳ್ಳುತ್ತಾರೆ. ಒಂದೇ ಗಂಟೆ ಇರುವ ನಿಮಗೆ, ಅಡ್ಡದಾರಿ ಹಿಡಿದರೆ ಸಿರಿಗೆ ದ್ರೋಹ ಮಾಡಿದಂತೆ, ಕಥೆ ಹಿಡಿದರೆ ಲೋಕ ಪೋಲಾದಂತೆ ಅನ್ನಿಸುತ್ತದೆ. ಮೂರು ದಿನ ಬಿಟ್ಟು ಮತ್ತೆ ಕೂತಾಗ ಯಾರು ಏನು ಹೇಳಿದ್ದರು, ಯಾವ ಬಟನ್ ಯಾವುದಕ್ಕೆ ಎಂಬುದೂ ಅರ್ಧ ಮರೆತಿರುತ್ತದೆ. ಮುಖ್ಯ ಕಥೆಗೇ ಸುಮಾರು 50 ಗಂಟೆ ಬೇಡುವ ಆಟ ಇಂಥ ಬಿಡುವುಗಳನ್ನು ಸಹಿಸುವುದಿಲ್ಲ. ಇದನ್ನು ನೀವು ತಾಳ್ಮೆಯ ಕೊರತೆ ಎಂದು ಕರೆದುಕೊಂಡಿರುವುದು ನಿಮಗೆ ನೀವೇ ಮಾಡಿಕೊಂಡ ಅನ್ಯಾಯ.

ಇನ್ನು ನಿಮ್ಮ ಬಾಮೈದನ ಮಾತು. ಅದನ್ನು ಪೂರ್ತಿ ತಳ್ಳಿಹಾಕಲಾರೆ. ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಮಿಷನ್ ವಿಫಲ ಎಂದು ತೋರಿಸುವ, ತೋರಿಸಿದ ಬಟನ್ ಒತ್ತುವುದಷ್ಟನ್ನೇ ಆಟಗಾರನಿಗೆ ಉಳಿಸುವ ಆಟಗಳು ಇವೆ. ಸೋಜಿಗವೆಂದರೆ ಅಷ್ಟು ವಿಶಾಲ ಲೋಕವಿರುವ ರೆಡ್ ಡೆಡ್ ರಿಡೆಂಪ್ಷನ್ 2ರ ಮಿಷನ್‌ಗಳಲ್ಲೇ ಈ ಬಿಗಿತ ಎದ್ದು ಕಾಣುತ್ತದೆ. ಆದರೆ ದಿ ಲಾಸ್ಟ್ ಆಫ್ ಅಸ್‌ನಲ್ಲಿ ನೀವು ಕಣ್ಣೀರು ಹಾಕಿದ ಜಾಗದಲ್ಲಿ ಆದದ್ದು ಅದಲ್ಲ. ಏಣಿಯನ್ನು ನೆನಪು ಮಾಡಿಕೊಳ್ಳಿ. ಆಟದುದ್ದಕ್ಕೂ ನೀವು ಆಡಿಸುವ ಜೋಯಲ್ ಗೋಡೆಗೆ ಬೆನ್ನುಕೊಟ್ಟು ಕೈ ಜೋಡಿಸುತ್ತಾನೆ, ಅವನ ಜೊತೆಗಿರುವ ಹುಡುಗಿ ಎಲ್ಲೀ ಅದರ ಮೇಲೆ ಕಾಲಿಟ್ಟು ಹತ್ತುತ್ತಾಳೆ, ಮೇಲಿನಿಂದ ಏಣಿ ಕೊಡುತ್ತಾಳೆ. ಎಷ್ಟೋ ಸಲ ನೀವು ಒತ್ತಿದ ಅದೇ ಬಟನ್, ಅದೇ ಕ್ರಮ. ಬೇಸಿಗೆ ಕಳೆದು, ಭೀಕರವಾದ ಚಳಿಗಾಲವೂ ಕಳೆದ ಮೇಲೆ ಸಾಲ್ಟ್ ಲೇಕ್ ಸಿಟಿಯಲ್ಲಿ ನೀವು ಅದೇ ಜಾಗದಲ್ಲಿ ನಿಂತು ಕರೆದರೆ ಅವಳು ಬರುವುದಿಲ್ಲ, ಎಲ್ಲೋ ನೋಡುತ್ತ ಕೂತಿರುತ್ತಾಳೆ. ಕೊನೆಗೆ ಬಂದು ಹತ್ತಿದವಳು ಏನನ್ನೋ ಕಂಡು, ಏಣಿಯನ್ನು ಹಾಗೇ ಬೀಳಲು ಬಿಟ್ಟು ಓಡುತ್ತಾಳೆ. ಅವಳ ಹಿಂದೆ ಓಡಿದವರು ನೀವು. ಅವಳೊಳಗೆ ಏನೋ ಮುರಿದಿದೆ ಎಂಬುದನ್ನು ಯಾರ ಮಾತೂ ಹೇಳಲಿಲ್ಲ, ನಿಮ್ಮ ಬೆರಳಿಗೆ ರೂಢಿಯಾದ ಕ್ರಮ ತಪ್ಪಿದ್ದೇ ಹೇಳಿತು. ನಂತರ ಜಿರಾಫೆಗಳನ್ನು ನೋಡುತ್ತ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಆಟ ನಿಮಗೇ ಬಿಡುತ್ತದೆ, ನೀವು ಹೆಜ್ಜೆಯಿಡುವವರೆಗೆ ಕಥೆ ಕಾಯುತ್ತದೆ. ಸಿನಿಮಾದಲ್ಲಿ ಇವೆರಡೂ ಸಾಧ್ಯವಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಆಟಗಾರನಿಗೆ ಬಿಟ್ಟುಕೊಡುವ ಓಪನ್ ವರ್ಲ್ಡ್‌ನಲ್ಲೂ ಆ ಏಣಿಯ ಕೆಲಸ ಬಹಳ ಕಷ್ಟ, ಏಕೆಂದರೆ ರೂಢಿ ಕೂರುವ ಮೊದಲೇ ಕೆಲವರು ಮುರಿಯುವ ಜಾಗಕ್ಕೆ ಬಂದುಬಿಟ್ಟಿರುತ್ತಾರೆ.

ರಯನ್, ರಿಗ್ಬಿ, ಪ್ರಿಜಿಬಿಲ್ಸ್ಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಟ ನಮ್ಮನ್ನು ಹಿಡಿದಿಡುವುದಕ್ಕೂ ಆಟದೊಳಗೆ ನಮಗೆ ಸಿಗುವ ಸ್ವಾಯತ್ತತೆ, ಸಾಮರ್ಥ್ಯದ ಅನುಭವಗಳಿಗೂ ನಂಟಿದೆಯೆಂದು ತೋರಿಸಿದ್ದರು. ನನ್ನ ವೃತ್ತಿಯ ಅನುಭವವೂ ಅದೇ, ಆದರೆ ಸ್ವಾಯತ್ತತೆ ಎಂದರೆ ನೂರು ದಾರಿಗಳಿರುವುದು ಎಂದು ನಮ್ಮವರೇ ಅನೇಕರು ತಪ್ಪು ತಿಳಿಯುತ್ತಾರೆ. ಇಡುವ ಹೆಜ್ಜೆಯನ್ನು ನಾನೇ ಮನಸಾರೆ ಇಟ್ಟೆ ಎಂಬ ಭಾವ ಅದು, ಒಂದೇ ದಾರಿಯಲ್ಲೂ ಹುಟ್ಟಬಹುದು. ತಾಳಮದ್ದಳೆ ಕೇಳಿದವರಿಗೆ ಇದು ಪರಿಚಿತ: ಪ್ರಸಂಗದ ಪದ್ಯಗಳು ಮೊದಲೇ ನಿಗದಿಯಾಗಿವೆ, ಕರ್ಣ ಸಾಯುವುದೂ ಗೊತ್ತು, ಅರ್ಥಧಾರಿ ಅದರೊಳಗೆ ಏನು ಹೇಳುತ್ತಾನೆಂಬುದಕ್ಕೇ ಜನ ರಾತ್ರಿಯಿಡೀ ಕೂರುತ್ತಾರೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ವಿಚರ್ ಈಗಾಗಲೇ ನಿಮ್ಮ ಬಳಿ ಇರುವುದರಿಂದ ಅದಕ್ಕೆ ಇನ್ನೊಂದು ಅವಕಾಶ ಕೊಡುವುದಾದರೆ, ಮೊದಲು ಸೆಟ್ಟಿಂಗ್‌ಗೆ ಹೋಗಿ ನಕಾಶೆಯ ಪ್ರಶ್ನಾರ್ಥಕಗಳನ್ನು ಮರೆಮಾಡಿ, ಕಾದಾಟದ ಮಟ್ಟವನ್ನು ಕಥೆಗಷ್ಟೇ ಎಂಬ ಅತಿ ಸುಲಭದ್ದಕ್ಕೆ ಇಳಿಸಿ. ಮಿನಿಮ್ಯಾಪನ್ನು ಪೂರ್ತಿ ತೆಗೆಯಬೇಡಿ. ನಮ್ಮ ಕಮ್ಮಾರನ ಮನೆಯ ತೊಂದರೆ ಅಲ್ಲೂ ಇದೆ, ಅನೇಕ ಕಡೆ ಪಾತ್ರಗಳು ದಾರಿ ಹೇಳದೆ ಗುರುತನ್ನೇ ನೆಚ್ಚಿಕೊಂಡಿವೆ. ಅನುಭವದ ಅಂಕಗಳಲ್ಲಿ ದೊಡ್ಡ ಪಾಲು ಕಥೆಯ ಕ್ವೆಸ್ಟ್‌ಗಳಿಂದಲೇ, ಅಂದರೆ ಕಥೆ ಒಪ್ಪಿಸುವ ಕೆಲಸಗಳಿಂದಲೇ, ಬರುವುದರಿಂದ, ಚಿಹ್ನೆಗಳನ್ನು ಬಿಟ್ಟರೆ ನಿಮ್ಮ ಪಾತ್ರ ಸೊರಗುವುದಿಲ್ಲ. ಅಡ್ಡದಾರಿ ಹಿಡಿಯುವುದಿದ್ದರೆ ಮನುಷ್ಯರು ಬಾಯಿಬಿಟ್ಟು ಕೇಳಿದ ಕೆಲಸಕ್ಕೆ ಮಾತ್ರ ಹಿಡಿಯಿರಿ, ಅಲ್ಲಿನ ಬರವಣಿಗೆ ಅಷ್ಟು ಚೆನ್ನಾಗಿದೆ. ಪ್ರತಿ ರಾತ್ರಿ ಏಳುವ ಮುನ್ನ ಮುಂದೇನು ಎಂಬ ಒಂದು ಸಾಲನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಇದರ ಅಪಾಯವೆಂದರೆ ಕೆಲವು ಒಳ್ಳೆಯ ಮೂಲೆಗಳು ತಪ್ಪಿಹೋಗುತ್ತವೆ. ಹೋಗಲಿ ಬಿಡಿ.

ನೇರ ಕಥೆಯ ಆಟಗಳನ್ನೇ ಮುಂದುವರಿಸುವುದು ಎರಡನೆಯ ದಾರಿ, ಅದರಲ್ಲಿ ಕೀಳರಿಮೆಗೆ ಕಾರಣವಿಲ್ಲ. 2017ರ ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್ ಸುಮಾರು ಎರಡು ಗಂಟೆಯಲ್ಲಿ ಮುಗಿಯುತ್ತದೆ. ಪುಣೆಯ ತಂಡವೊಂದು 2020ರಲ್ಲಿ ತಂದ ರಾಜಿ ಕೂಡ ಕೆಲವೇ ರಾತ್ರಿಗಳ ಆಟ. ಗಂಟೆಗೆ ಇಷ್ಟು ರೂಪಾಯಿ ಎಂದು ಲೆಕ್ಕ ಹಾಕಿದರೆ ಇವು ದುಬಾರಿಯೆನಿಸುತ್ತವೆ, ಹಾಗಾಗಿ ರಿಯಾಯಿತಿಗೆ ಕಾದು ಕೊಳ್ಳಿ. ಜೆಲ್ಡಾಕ್ಕಾಗಿ ಸ್ವಿಚ್ ಕೊಳ್ಳುವ ಯೋಚನೆಯಿದ್ದರೆ ಸ್ವಲ್ಪ ತಡೆಯಿರಿ. ಆ ಲೋಕದಲ್ಲಿ ಹುಡುಕಿ ಕೂಡಿಸಲೆಂದು ಬಚ್ಚಿಟ್ಟ 900 ಕೊರೊಕ್ ಬೀಜಗಳಿವೆ, ಚೀಲ ಪೂರ್ತಿ ದೊಡ್ಡದು ಮಾಡಿಕೊಳ್ಳಲು 441 ಸಾಕು, ಎಲ್ಲವನ್ನೂ ಕೂಡಿಸಿದವರಿಗೆ ಸಿಗುವುದು ಒಂದು ತಮಾಷೆಯ ಉಡುಗೊರೆ. ಆದರೂ ಇಂಟರ್ನೆಟ್ಟಿನ ನಕಾಶೆ ಎದುರಿಗಿಟ್ಟುಕೊಂಡು ಒಂದೊಂದಾಗಿ ಅಳಿಸಲು ಕೂತವರನ್ನು ನಾನು ಬಲ್ಲೆ. ಹಾಗೆ ಆಡಿದರೆ ಜೆಲ್ಡಾ ಕೂಡ ವಿಚರ್‌ನ ಸಮುದ್ರವೇ ಆಗುತ್ತದೆ.

ನಿಮ್ಮ ಒಂದು ಗಂಟೆಗೆ ನಾನು ಆರಿಸುವುದಾದರೆ 2019ರ ಔಟರ್ ವೈಲ್ಡ್ಸ್. ಅಲೆಕ್ಸ್ ಬೀಚಮ್ ಎಂಬವರ ಸ್ನಾತಕೋತ್ತರ ಪ್ರಬಂಧದ ಕೆಲಸವಾಗಿ ಹುಟ್ಟಿ, ಮುಂದೆ ಮೋಬಿಯಸ್ ಡಿಜಿಟಲ್ ತಂಡದಲ್ಲಿ ಪೂರ್ಣಗೊಂಡ ಆಟ ಅದು. ಪುಟ್ಟ ಸೌರಮಂಡಲವೊಂದು ಆರಂಭದಲ್ಲೇ ಪೂರ್ತಿ ತೆರೆದಿರುತ್ತದೆ, 22 ನಿಮಿಷಕ್ಕೊಮ್ಮೆ ಕಾಲ ಮತ್ತೆ ಮೊದಲಿಗೆ ಮರಳುತ್ತದೆ. ಅಲ್ಲಿ ಗಳಿಸುವ ಕತ್ತಿಯಿಲ್ಲ, ಅಂಕವಿಲ್ಲ; ಹಿಂದಿನ ಸುತ್ತಿನಲ್ಲಿ ನೀವು ತಿಳಿದುಕೊಂಡದ್ದೇ ಮುಂದಿನ ಬಾಗಿಲಿನ ಕೀಲಿಕೈ. ಕಥೆ ಒಂದು ಇದ್ದೇ ಇದೆ, ಬಹಳ ಹಿಂದೆಯೇ ನಡೆದುಹೋದದ್ದು; ಅದನ್ನು ಯಾವ ಕ್ರಮದಲ್ಲಿ ಕಂಡುಕೊಳ್ಳುವಿರಿ ಎಂಬುದು ನಿಮಗೆ ಬಿಟ್ಟದ್ದು. ಕಂಡದ್ದನ್ನೆಲ್ಲ ನೌಕೆಯ ದಾಖಲೆ ಪುಸ್ತಕ ತಾನೇ ಬರೆದಿಡುವುದರಿಂದ ಮೂರು ದಿನದ ಬಿಡುವು ನಿಮಗೆ ತೊಂದರೆ ಕೊಡದು. ತೊಡಕುಗಳೂ ಇವೆ: ನೌಕೆ ಹಾರಿಸುವುದು ಮೊದಲ ಒಂದೆರಡು ರಾತ್ರಿ ಕೈಗೆ ಹತ್ತುವುದಿಲ್ಲ, ಕೆಲವರಿಗೆ ತಲೆಸುತ್ತು ಬರುತ್ತದೆ, ನಡುವೆ ಎಲ್ಲೋ ಸಿಕ್ಕಿಕೊಂಡು ಇಡೀ ಗಂಟೆ ವ್ಯರ್ಥವಾಯಿತು ಎನಿಸುವ ದಿನ ಖಂಡಿತ ಬರುತ್ತದೆ. ಆ ದಿನ ಯೂಟ್ಯೂಬ್ ತೆರೆಯಬೇಡಿ. ತಿಳಿವಳಿಕೆಯೇ ಕೀಲಿಕೈಯಾದ ಆಟದಲ್ಲಿ ಒಮ್ಮೆ ತಿಳಿದುಬಿಟ್ಟದ್ದನ್ನು ಮರೆತು ಮತ್ತೆ ಆಡಲು ಬರುವುದಿಲ್ಲ. ಕಂಟ್ರೋಲರ್ ಕೆಳಗಿಟ್ಟು ಮಲಗಿ, ಮರುದಿನ ಬೇರೊಂದು ಗ್ರಹಕ್ಕೆ ಹೋಗಿ. ನಿಮ್ಮ ಬಾಮೈದನೂ ಆಡಲಿ, ಆದರೆ ಇಬ್ಬರೂ ಮುಗಿಸುವವರೆಗೆ ಯಾರು ಯಾವ ಗ್ರಹಕ್ಕೆ ಮೊದಲು ಹೋದರೆಂಬುದನ್ನು ಬಿಟ್ಟು ಬೇರೇನನ್ನೂ ಹೇಳಿಕೊಳ್ಳಬೇಡಿ.